ಎಚ್.ಎಂ. ಮಾಲು

ಯಶವಂತಪುರದ ಪಂಪ್‌ಸೆಟ್ ಕಾರ್ಖಾನೆಯಲ್ಲಿ ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಆರಂಭದಲ್ಲಿ. ಗದಗಿನಿಂದ ಬಂದು ಆರ್.ಟಿ. ನಗರದಲ್ಲಿ ಅಣ್ಣನ ಬಾಡಿಗೆ ಮನೆಯಲ್ಲಿದ್ದೆ. ಪ್ರೊಬೇಷನ್ ಮುಗಿದು ಕೆಲಸ ಖಾಯಂ ಆದರೆ ಸರಿ, ಇಲ್ಲದಿದ್ದರೆ ಊರಿಗೆ ವಾಪಸ್ಸು. ಅಪ್ಪ ಅಲ್ಲೊಂದು ಗಂಡು ನೋಡಿಟ್ಟಿದ್ದರು. ಅವನನ್ನು ನಾನು ಕಂಡಿರಲಿಲ್ಲ, ಕಾಣುವ ಆಸೆಯೂ ಇರಲಿಲ್ಲ.

ಪ್ರೊಬೇಷನ್ನಿನ ಕೊನೆಯ ತಿಂಗಳಲ್ಲೇ ಬೊಂಬಾಯಿಯ ಹೆಡ್ಡಾಫೀಸಿಗೆ ಕಂಪ್ಯೂಟರ್ ಬರಬೇಕೆ? ನಮ್ಮ ಸ್ಟಾಕ್ ಸ್ಟೇಟ್‌ಮೆಂಟಿನಲ್ಲಿರುವ ಮೋಟು ಅಕ್ಷರಗಳಿಗೆಲ್ಲ ಪೂರ್ತಿ ಅರ್ಥ ಬರೆದು ಕಳಿಸಿ ಎಂದು ಅಲ್ಲಿಂದ ಅಪ್ಪಣೆಯಾಯಿತು. ಮ್ಯಾನೇಜರು ಆ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. "ಇದನ್ನ ಸರಿಯಾಗ್ ಮುಗ್ಸಿ. ನಿಮ್ ಕನ್ಫರ್ಮೇಷನ್ ಆಮೇಲ್ ನೋಡೋಣ" ಅಂದರು.

ಉಳಿದವೆಲ್ಲ ಹೇಗೋ ಬಗೆಹರಿದವು. ಎಚ್.ಎಂ. ಒಂದು ಮಾತ್ರ ನನ್ನ ಜೀವ ತಿಂದಿತು. ಎರಕದ ಮಾಲಿನ ಮುಂದೆಲ್ಲ ಅದೇ. ಪಕ್ಕದ ಮೇಜಿನ ಹಿರಿಯ ಗುಮಾಸ್ತರು, "ಹಾಫ್ ಮಷಿನ್ಡ್ ಕಣ್ರೀ, ಅಷ್ಟೂ ಗೊತ್ತಿಲ್ವಾ?" ಅಂದರು. ಮಷಿನ್ ಶಾಪಿನ ಫೋರ್‌ಮನ್‌ಗೆ ಸಿಟ್ಟು ಬಂತು. "ನಾವ್ ಯಾವ್ದನ್ನೂ ಅರ್ಧಕ್ಕೆ ಬಿಡಲ್ಲ. ಹೆವಿ ಮೆಟೀರಿಯಲ್ ಇರ್ಬೇಕು, ನೋಡಿ." ನೋಡಿದರೆ ಅಂಗೈಯಗಲದ ಮುಚ್ಚಳಕ್ಕೂ ಎಚ್.ಎಂ.! ಅಕೌಂಟ್ಸಿನವರದು ಇನ್ನೊಂದೇ ರಾಗ. ಆ ಆಫೀಸಿನಲ್ಲಿ ಗೊತ್ತಿಲ್ಲ ಎನ್ನುವ ಪದ್ಧತಿಯೇ ಇರಲಿಲ್ಲ. ಕೇಳಿದಷ್ಟೂ ಉತ್ತರ ಸಿಗುತ್ತಿತ್ತು, ನನ್ನ ತಲೆ ಕೆಡುತ್ತಿತ್ತು.

ಕಡೆಗೆ ಆ ಮಾಲನ್ನೇ ಕಣ್ಣಾರೆ ನೋಡೋಣವೆಂದು ಸ್ಟೋರ್ಸಿಗೆ ಹೋದೆ. ಸ್ಟೋರ್‌ಕೀಪರ್ ರಾಜಾನುಕುಂಟೆ ಕಡೆಯವರು. ನನ್ನನ್ನು ಷೆಡ್ಡಿನ ಹಿಂದಕ್ಕೆ ಕರೆದೊಯ್ದರು. ಕಾಂಪೌಂಡಿನ ಪಕ್ಕ ಬಯಲಲ್ಲಿ ಎರಕದ ಭಾಗಗಳ ರಾಶಿ, ಎಲ್ಲ ತುಕ್ಕು ಹಿಡಿದು ಕೆಂಪಗಾಗಿದ್ದವು.

"ಒಂಗೆ ಮರದ ತಾವ ಮಡಗಿರೋದು ಅಂತ ಕಣಮ್ಮ," ಅಂದರು.

ಹೊಂಗೆ ಮರ, ಅದೇ ಎಚ್.ಎಂ.! ಸುತ್ತ ನೋಡಿದೆ. ಹೊಂಗೆಯೂ ಇಲ್ಲ, ಬೇವೂ ಇಲ್ಲ. "ಮರ ಎಲ್ಲಿದೆ?"

"ಷೆಡ್ ಕಟ್ಟೋವಾಗ ಕಡುದ್ರಂತೆ. ನಾನ್ ಬರೋಕ್ ಮುಂಚೇನೇ."

"ಮತ್ತೆ ಇವನ್ನ ಮಳೇಲಿ ಯಾಕೆ ಬಿಟ್ಟಿದೀರಿ?"

"ಅಂಗೇ ಬಿಡ್ಬೇಕು. ಬಿಸಿಲು ಮಳೆ ಕುಡ್ದು ಹದಕ್ಕೆ ಬರ್ಬೇಕು. ಇಲ್ದಿದ್ರೆ ಕೊರೆದ್ ಮೇಲೆ ಸೊಟ್ಟಗಾಯ್ತವೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಇಲ್ಲದ ಮರವೊಂದನ್ನು ಬೊಂಬಾಯಿಯ ಕಂಪ್ಯೂಟರಿಗೆ ಹೇಗೆ ವಿವರಿಸುವುದು? ನಾನೇ ಹುಟ್ಟಿಸಿದ ಕಥೆ ಅಂದುಕೊಂಡರೆ? ಹೆದರುತ್ತಲೇ ಮ್ಯಾನೇಜರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

"ಹಾಫ್ ಮಷಿನ್ಡ್ ಅಂತ ಹಿಂದೊಂದ್ಸಲ ಹೆಡ್ಡಾಫೀಸ್‌ಗೆ ಹೇಳ್ದೋನು ನಾನೇ ಕಣ್ರೀ. ಹೊಸದಾಗ್ ಬಂದಿದ್ದೆ. ಯಾರನ್ನ ಕೇಳೋದು?"

"ಈಗ ಏನ್ ಬರೀಲಿ ಸರ್?"

"ಹದಕ್ಕೆ ಹೊರಗಿಟ್ಟಿದ್ದು ಅಂತ ಬರೀರಿ. ಮರದ ಸುದ್ದಿ ಬೇಡ."

ಹಾಗೇ ಬರೆದೆ. ಅದರ ಜೊತೆಗೇ ನನ್ನ ಖಾಯಮಾತಿ ಕಾಗದಕ್ಕೂ ಅವರು ಸಹಿ ಹಾಕಿದರು. ಖುಷಿಯಾಗಬೇಕಿತ್ತು, ಆದರೆ ಮೊದಲು ಬಂದದ್ದು ಕೋಪ. ನನಗಿಂತ ಮುಂಚಿನಿಂದ ತಪ್ಪು ತಿಳಿದವರೆಲ್ಲ ಹಾಯಾಗಿ ಸಂಬಳ ಎಣಿಸಿಕೊಳ್ಳುತ್ತಿದ್ದಾಗ, ನಾನೊಬ್ಬಳು ಯಾಕೆ ನಿದ್ದೆಗೆಟ್ಟೆ?

ಸಂಜೆ ಬಾಗಿಲಲ್ಲೇ ಅಣ್ಣ ಕೇಳಿದ. "ಏನಾತವಾ?"

"ಖಾಯಂ ಆತಣ್ಣ."

"ಅಂದ್ರ ಆ ಅಕ್ಷರದ್ದು ಅರ್ಥ ಸಿಕ್ತು?"

"ಸಿಕ್ತು. ಅಲ್ಲಿ ದೊಡ್ಡವರಿಗೂ ಗೊತ್ತಿರಲಿಲ್ಲಂತ, ಅದೂ ತಿಳೀತು."

ಅಣ್ಣ ನಗಲಿಲ್ಲ. ಗೂಡಿನಿಂದ ಒಂದು ಪೋಸ್ಟ್‌ಕಾರ್ಡು ತೆಗೆದು, "ಅಪ್ಪಗ ಬರೀತೀನಿ. ಗಂಡಿನ ಕಡೆಯವರಿಗೆ ಬ್ಯಾಡ ಅಂತ ಹೇಳಲಿ," ಅಂದ. ಆಗ ನನಗೆ ಅಳು ತಡೆಯಲಾಗಲಿಲ್ಲ.