ಎಡಗೈಯ ತುಪ್ಪ

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ದ್ರಾಕ್ಷಿ ಕಟಾವು ಮುಗಿಯಲಿ, ಮಳೆ ಹಿಡಿಯಲಿ ಎಂದು ಮುಂದೂಡುತ್ತಲೇ ವಯಸ್ಸಾಯಿತು.

ಕಳೆದ ತಿಂಗಳು ಬೆಳಗಾವಿಯ ಕಾಲೇಜಿನಿಂದ ರಜೆಗೆ ಬಂದ ಮೊಮ್ಮಗಳು ಪಡಸಾಲೆಯಲ್ಲಿ ಫ್ರೆಂಚ್ ಪಾಠ ಓದುತ್ತಿದ್ದಳು.

“ಅಜ್ಜಾ, ಗೋಶ್ ಅಂದ್ರ ಎಡ. ಎಡಗೈಗೆ ಗೋಶ್ ಕೈ ಅಂತಾರ. ನಾಕ ಮಂದ್ಯಾಗ ಹೆಂಗಿರಬೇಕಂತ ತಿಳೀದವರಿಗೂ ಅದ ಮಾತು, ಗಂಡಿರ್ಲಿ ಹೆಣ್ಣಿರ್ಲಿ. ಮೊದಲ ಸೊಟ್ಟ, ಓರೆ ಅಂತ ಅರ್ಥ ಇತ್ತಂತ.”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನನ್ನ ತಮ್ಮನ ಹೆಂಡತಿ, “ಅಲ್ಲೂ ಹಂಗ ಅಂತಾರೇನ ಬೇ?” ಎಂದು ಹುಡುಗಿಯನ್ನು ಕೇಳಿದಳು. ನಾನು ಪೇಪರನ್ನು ಮುಖಕ್ಕೆ ಅಡ್ಡ ಹಿಡಿದೆ.

ಎಷ್ಟೋ ವರ್ಷಗಳ ಹಿಂದಿನ ಮಾತು, ಆಕೆ ಭೋಜ ಎಂಬ ಊರಿನಿಂದ ಕಾಗವಾಡದ ನಮ್ಮ ಮನೆಗೆ ಮದುವೆಯಾಗಿ ಬಂದ ಹೊಸತು. ಬೀಗರ ಪಂಕ್ತಿಗೆ ಹೊಸ ಸೊಸೆಯೇ ತುಪ್ಪ ನೀಡಬೇಕು. ಹುಟ್ಟಿನಿಂದ ಎಡಗೈ ಬಳಸುವ ಆಕೆ ನನ್ನ ಹೋಳಿಗೆಗೂ ಅದೇ ಕೈಯಿಂದ ತುಪ್ಪ ಬಿಡಲು ಬಂದಳು. ನಾನು ತಾಟು ಹಿಂದಕ್ಕೆಳೆದೆ. ತುಪ್ಪ ನೆಲಕ್ಕೆ ಬಿತ್ತು.

“ಯಾ ಕೈಲೆ ನೀಡಾಕತ್ತಿ ಏ ಎಡಚಿ? ಭೋಜದಾಗ ಹಿಂಗ ಕಲಿಸ್ಯಾರೇನ?”

“ಬಿಡ್ರಿ ಬೀಗರ, ತುಪ್ಪಕ್ಕೇನ ಕೈ ಗೊತ್ತಾಕ್ಕೈತಿ?” ಎಂದರು ಯಾರೋ. ಪಂಕ್ತಿ ನಕ್ಕಿತು, ನಾನೂ ನಕ್ಕೆ. ಆಕೆಯ ಅಪ್ಪ ಮಾತ್ರ ಅದೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದರು.

ಆಮೇಲೆ ಆಕೆ ಎಲ್ಲವನ್ನೂ ಬಲಗೈಗೆ ರೂಢಿಸಿಕೊಳ್ಳಲು ಹೆಣಗಿದಳು. ತೋಟದಲ್ಲಿ ದ್ರಾಕ್ಷಿ ಗೊಂಚಲು ತಿದ್ದುವಾಗ ಕತ್ತರಿ ಎಡಗೈಯಲ್ಲಿ ಚಕಚಕ ಓಡುತ್ತಿತ್ತು. ನಾನು ಬಂದದ್ದು ಕಂಡರೆ ಬಲಗೈಗೆ ಹೋಗುತ್ತಿತ್ತು. ಬೆರಳು ಕೊಯ್ದುಕೊಂಡದ್ದನ್ನೂ ನೋಡಿದ್ದೇನೆ. ನೋಡಿ ಮುಂದಿನ ಸಾಲಿಗೆ ಹೋಗಿದ್ದೇನೆ.

ತಮ್ಮನ ಹೆಂಡತಿಯೊಡನೆ ಭಾವ ನೇರವಾಗಿ ಮಾತಾಡುವ ರೂಢಿ ನಮ್ಮಲ್ಲಿಲ್ಲ. ಬೈದ ದಿನ ಅದು ನನಗೆ ನೆನಪಾಗಲಿಲ್ಲ. ತಪ್ಪಾಯಿತು ಎನ್ನಬೇಕು ಅನ್ನಿಸಿದಾಗಲೆಲ್ಲ ನೆನಪಾಯಿತು.

“ಹೌದ ಸಣ್ಣಾಯಿ, ಅಲ್ಲೂ ಹಂಗ,” ಎಂದಳು ಪಡಸಾಲೆಯಲ್ಲಿದ್ದ ಮೊಮ್ಮಗಳು, ತನ್ನ ಚಿಕ್ಕಜ್ಜಿಗೆ.

ನಾಲ್ಕು ಜನರಲ್ಲಿ ಹೇಗಿರಬೇಕೆಂದು ತಿಳಿಯದವನು ನಾನೇ ಎಂದು ಆಗ ಹೇಳಬಹುದಿತ್ತು. ಹುಡುಗಿಗೆ ಹೇಳಿದ್ದರೂ ಆಕೆಗೆ ಕೇಳಿಸುತ್ತಿತ್ತು. ಸ್ವಲ್ಪ ಹೊತ್ತಿಗೆ ಆಕೆ ಚಹಾ ತಂದಿಟ್ಟಳು, ಬಲಗೈಯಲ್ಲಿ, ಅರ್ಧ ಬಶಿಗೆ ಚೆಲ್ಲಿಕೊಂಡು.

“ಸಕ್ಕರಿ ಕಡಿಮಿ ಆಗೇತಿ ಅಂತ ಹೇಳವಾ,” ಎಂದು ಮೊಮ್ಮಗಳಿಗೆ ಹೇಳಿದೆ.

ನಾನು ಕ್ಷಮೆ ಕೇಳದೆ ಉಳಿದದ್ದು ಈಕೆಯನ್ನೇ, ನನ್ನ ತಮ್ಮನ ಹೆಂಡತಿಯನ್ನು, ಭೋಜದ ಮಗಳನ್ನು.