ತಲೆಕೆಳಗಾಗಿ ನಿಂತ ಹಾಯಿಕಂಬ

ಆ ಸಾಹುಕಾರ ಸತ್ತು ಎಷ್ಟೋ ಕಾಲವಾಯಿತು. ಆದರೂ ಹೊಳೆ ಬದಿಯ ಅವನ ಹಂಚಿನ ಗೋದಾಮಿನ ಮುಂದೆ ಹಾದುಹೋಗುವಾಗ ಇಂದಿಗೂ ನನ್ನ ಮೈ ಉರಿಯುತ್ತದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಹೇಳುವವರು ಹೇಳಲಿ, ನಾನು ಇಟ್ಟುಕೊಂಡಿದ್ದೇನೆ.

ನನ್ನ ತಂದೆ, ನಾವು ಬಾಪ ಎನ್ನುತ್ತಿದ್ದೆವು, ಆ ಸಾಹುಕಾರನ ಮಂಜಿಯಲ್ಲಿ ತಂಡೇಲರಾಗಿದ್ದರು. ಮಂಜಿಯೆಂದರೆ ಹಂಚು, ಅಕ್ಕಿ ಹೇರಿಕೊಂಡು ಹೋಗುವ ದೊಡ್ಡ ಹಾಯಿಹಡಗು. ತಂಡೇಲ ಹೇಳಿದಂತೆ ಹಡಗಿನ ಆಳುಗಳು, ಖಲಾಸಿಗಳೆಲ್ಲ ಕೇಳಬೇಕು. ಐವತ್ತರ ದಶಕ ಮುಗಿಯುವ ಹೊತ್ತಿಗೆ ಬಾಪನ ಕಣ್ಣು ಮಬ್ಬಾಗತೊಡಗಿತು. ಇದು ವಾಸಿಯಾಗುವುದಲ್ಲ, ಮೆಲ್ಲಮೆಲ್ಲಗೆ ಪೂರಾ ಹೋಗುತ್ತದೆ ಎಂದರು ಡಾಕ್ಟರು. ಸಾಹುಕಾರನಿಗೆ ಸುದ್ದಿ ಮುಟ್ಟಿತು. "ಕುರುಡನ ಕೈಗೆ ಹಡಗು ಕೊಟ್ಟು ನಾನು ಬೀದಿಗೆ ಬೀಳ್ಬೇಕಾ ಮಾರಾಯ? ಮನೆಗೆ ಹೋಗಿ ಮೊಮ್ಮಕ್ಕಳನ್ನು ಆಡಿಸು" ಎಂದು ಖಲಾಸಿಗಳ ಎದುರೇ ಹೇಳಿ ಇಳಿಸಿಬಿಟ್ಟ. ಆಗ ನನಗಿನ್ನೂ ಮದುವೆಯೇ ಆಗಿರಲಿಲ್ಲ.

ಬಾಪ ಮನೆಗೆ ಬಂದು ಮರ ಕೆತ್ತುವ ಬಾಚಿಯನ್ನು ಮಸೆದರು. ಬೋಳಾರದ ನಮ್ಮ ಮನೆಯ ಅಂಗಳದಲ್ಲಿ, ಹೊಳೆಗೆ ಮುಖ ಮಾಡಿ, ಸ್ವಂತಕ್ಕೆ ಒಂದು ಹಾಯಿದೋಣಿ ಕಟ್ಟಲು ಶುರು ಮಾಡಿದರು. ಕಣ್ಣು ಪೂರಾ ಹೋಗುವ ಮೊದಲು ತನ್ನದೇ ದೋಣಿಯಲ್ಲಿ ಒಮ್ಮೆ ಹಾಯಿ ಏರಿಸಬೇಕು, ಅಷ್ಟೇ ಅವರ ಆಸೆ. ನಾನು ಹಂಪನಕಟ್ಟೆಯ ಜವಳಿ ಅಂಗಡಿಯ ಕೆಲಸ ಮುಗಿಸಿ ಬಂದು ಕೈಜೋಡಿಸುತ್ತಿದ್ದೆ. ಹಲಗೆಯ ಸಂದಿಗಳಿಗೆ ಹತ್ತಿ ತುರುಕಿ, ದೋಣಿಯ ಮೈಗೆಲ್ಲ ಬೂತಾಯಿ ಮೀನಿನ ಎಣ್ಣೆ ಬಳಿದೆವು. ನನ್ನ ಅಂಗಿಯ ವಾಸನೆಗೆ ಅಂಗಡಿಯ ಗಿರಾಕಿಗಳು ದೂರ ನಿಲ್ಲುತ್ತಿದ್ದರು. ನಿಲ್ಲಲಿ.

ಉಳಿದದ್ದು ಎರಡು ಹಾಯಿಕಂಬ. ಮುಂದಿನದು ದೊಡ್ಡದು, ಹಿಂದಿನದು ಸಣ್ಣದು. ಪಡೀಲಿನ ಒಂದು ಹಿತ್ತಲಿನಿಂದ ಸುರಹೊನ್ನೆಯ ಮರ ತಂದು, ಬಾಪ ಅದನ್ನು ಬಾಚಿಯಿಂದ ಎಂಟು ಮುಖ ಬರುವಂತೆ ಕೆತ್ತಿದರು. ಸರಿಯಾಗಿ ಕಾಣುತ್ತಿರಲಿಲ್ಲ, ಅಂಗೈ ಸವರಿ ಸವರಿಯೇ ಕೆತ್ತಿದ್ದು. ದೊಡ್ಡದು ಮರದ ನಡುಭಾಗ. ಬುಡವೂ ತುದಿಯೂ ಹೆಚ್ಚುಕಡಿಮೆ ಒಂದೇ ದಪ್ಪ. ಮುಂದೆ ಬಿರುಕು ಬಿಡಬಾರದೆಂದು ಎರಡನ್ನೂ ಒಂದು ಮಳೆಗಾಲ ಹೊಳೆಯ ಕೆಸರಿನಲ್ಲಿ ಮುಳುಗಿಸಿ ಕಟ್ಟಿಹಾಕಿದೆವು. ಎಲ್ಲರೂ ಮಾಡುವುದು ಹಾಗೆಯೇ, ಮರಕ್ಕೆ ತಮ್ಮ ತಮ್ಮ ಗುರುತು ಕೊರೆದು.

ಮಳೆ ನಿಂತ ಮೇಲೆ ಹೋಗಿ ನೋಡಿದರೆ ಸಣ್ಣದು ಮಾತ್ರ ಉಂಟು! ನೆರೆಗೆ ಹೋಯಿತು ಎಂದರು ಪಕ್ಕದವರು. ಹೋಗಿದ್ದು ನೆರೆಗಲ್ಲ. ವಾರದೊಳಗೆ ದೊಡ್ಡದನ್ನು ಸಾಹುಕಾರನ ಅಂಗಳದಲ್ಲಿ ಕಂಡೆ. ಅವನೂ ಹೊಸದೊಂದು ಚಿಕ್ಕ ಮಂಜಿ ಕಟ್ಟಿಸುತ್ತಿದ್ದ. ಬಾಪನ ಬಾಚಿ ಏಟಿನ ಎಂಟು ಮುಖ ನನಗೆ ಗೊತ್ತಿಲ್ಲವೇ? ಒಂದು ಕೊನೆಯನ್ನು ಮಾತ್ರ ಹೊಸದಾಗಿ ಗರಗಸದಲ್ಲಿ ಕೊಯ್ದಿದ್ದರು. ಕೇಳಿದೆ. ಸಾಹುಕಾರ ಎಲೆ ಅಡಿಕೆ ಜಗಿಯುತ್ತಾ ನಕ್ಕ.

"ಹೊಳೆಯಲ್ಲಿ ಬಂದದ್ದು ಸಿಕ್ಕಿದವನದ್ದು. ನಿನ್ನದಾದ್ರೆ ಗುರುತು ಎಲ್ಲಿ ಉಂಟು, ತೋರಿಸು."

ಹೊಡೆಯಬೇಕಿತ್ತು. ಹೊಡೆಯಲಿಲ್ಲ. ಮನೆಗೆ ಬಂದು ಬಾಪನ ಮುಂದೆ ಕೂಗಾಡಿದೆ: ಗುರುತಿದ್ದ ಕೊನೆಯನ್ನೇ ಕೊಯ್ದು ಬಿಸಾಡಿದ್ದಾನೆ ಕಳ್ಳ!

ಬಾಪ ನಕ್ಕುಬಿಟ್ಟರು. ಆ ವರ್ಷಗಳಲ್ಲಿ ನಾನು ಕೇಳಿದ ಮೊದಲ ನಗು ಅದು.

"ಗುರುತನ್ನು ಎಲ್ಲರೂ ಎಲ್ಲಿ ಹಾಕ್ತಾರೆ?"

"ಬುಡಕ್ಕೆ."

"ನಾನು ತುದಿಗೆ ಹಾಕಿದ್ದೆ. ಬುಡ ದೋಣಿಯ ಒಳಗೆ ಒದ್ದೆಯಲ್ಲಿ ಕೂತುಕೊಳ್ಳುವಂಥದ್ದು. ಅಲ್ಲಿ ಉಳಿ ತಾಗಿಸಿದ್ರೆ ನೀರು ಹೊಕ್ಕು ಕೊಳೀತದೆ. ಅವನು ಕೊಯ್ದದ್ದೇ ಬುಡ ಅಂತ ತಿಳ್ಕೊಂಡಿರ್ತಾನೆ. ತಲೆಕೆಳಗೆ ನಿಲ್ಲಿಸ್ತಾನೆ."

ನಮ್ಮ ಕರಾವಳಿಯಲ್ಲಿ ಹಾಯಿಕಂಬ ಮರ ಬೆಳೆದಂತೆಯೇ ನಿಲ್ಲಬೇಕು, ಬುಡ ಕೆಳಗೆ, ತುದಿ ಮೇಲೆ. ತಲೆಕೆಳಗಾದ ಕಂಬದ ಹಡಗು ತಾನೂ ತಲೆಕೆಳಗಾಗುತ್ತದೆಂದು ಯಾವ ಖಲಾಸಿಯೂ ಹತ್ತುವುದಿಲ್ಲ. ನಾನು ಕುಣಿದಾಡುವುದೊಂದು ಬಾಕಿ. ಆಮೇಲೆ ತಲೆಗೆ ಹೊಳೆಯಿತು: ಒಮ್ಮೆ ಹಾಗೆ ನಿಂತ ಕಂಬವನ್ನು ನಾವೂ ಬಳಸುವ ಹಾಗಿಲ್ಲ. ಇನ್ನೊಂದು ಮರ ತಂದು ನೆನೆಹಾಕಲು ಇನ್ನೊಂದು ಮಳೆಗಾಲ ಬೇಕು. ಅಷ್ಟರಲ್ಲಿ ಬಾಪನ ಕಣ್ಣು?

"ಈಗಲೇ ಹತ್ತು ಜನರ ಎದುರು ಬುಡ ತುದಿ ತೋರಿಸಿಕೊಟ್ರೆ ಮರ ವಾಪಸು ಸಿಗಬಹುದಲ್ಲ ಬಾಪ?"

"ಸಿಗಬಹುದು" ಎಂದರು. "ಬಾಯಿ ಮುಚ್ಚಿಕೊಂಡಿರು. ನಿಲ್ಲಿಸಲಿ."

ಮಂಜಿ ನೀರಿಗಿಳಿಯುವ ದಿನ ಬಂದರಿಗೆ ಬಂದರೇ ಸೇರಿತ್ತು. ದುಆ ಪ್ರಾರ್ಥನೆ ಮುಗಿಯಿತು, ಸಿಹಿ ಹಂಚಿದರು, ಖಲಾಸಿಗಳು ಹತ್ತಿ ನಿಂತರು. ಬಾಪ ನನ್ನ ಭುಜ ಹಿಡಿದುಕೊಂಡು ಮೇಲೆ ಹೋದರು. ಕಂಬವನ್ನು ಎರಡೂ ಕೈಯಿಂದ ತಡವಿದರು, ಕೊಂಬೆ ಕಡಿದ, ಕೆಳಕ್ಕೆ ವಾಲಿದ ಗಂಟೊಂದರ ಮೇಲೆ ಬೆರಳಿಟ್ಟರು.

"ಕೆಳಕ್ಕೆ ಬೆಳೆಯುವ ಕೊಂಬೆ ಯಾರಾದ್ರೂ ಕಂಡಿದ್ದೀರಾ ಮಾರಾಯ್ರೇ? ಬಂದು ಮುಟ್ಟಿ ನೋಡಿ. ಇದು ತಲೆಕೆಳಗೆ ನಿಂತಿದೆ."

ಸಾಹುಕಾರ ಕೆಂಪಗಾದ. "ನನ್ನ ಮರದ ವಿಷಯ ನಿನಗೆ ಎಂತ ಗೊತ್ತು?"

"ನಿಮ್ಮದೇ ಆಗಿದ್ರೆ ಬುಡ ಯಾವುದು ತಲೆ ಯಾವುದು ಅಂತ ನಿಮಗೇ ಗೊತ್ತಿರ್ತಿತ್ತು ಸಾಹುಕಾರ್ರೇ."

ಖಲಾಸಿಗಳು ಒಬ್ಬೊಬ್ಬರೇ ಬಂದು ಗಂಟು ಮುಟ್ಟಿದರು, ಒಬ್ಬೊಬ್ಬರೇ ಕೆಳಗಿಳಿದರು. ಕೆಲವರ ಬಾಯಲ್ಲಿ ಸಿಹಿ ಇನ್ನೂ ಇತ್ತು. ಆ ವರ್ಷ ಆ ಮಂಜಿ ದಡ ಬಿಡಲಿಲ್ಲ. ಅಹಾ, ಅಂಗಡಿಗೆ ಹೋಗುವಾಗ ಸುತ್ತು ದಾರಿ ಹಿಡಿದು ದಿನಾ ಅದನ್ನು ನೋಡಿಕೊಂಡೇ ಹೋಗುತ್ತಿದ್ದೆ.

ನಮ್ಮ ದೋಣಿಗೆ ದೊಡ್ಡ ಕಂಬದ ಜಾಗದಲ್ಲಿ ಸಣ್ಣದನ್ನೇ ನಿಲ್ಲಿಸಿದೆವು. ಅದರ ಸಣ್ಣ ಹಾಯಿ ಏರಿಸಿದರೆ ದೋಣಿ ಎಮ್ಮೆಯಂತೆ ಸಾಗುತ್ತಿತ್ತು. ನನಗೆ ಅಳು ಬರುವಂತಾಯಿತು.

"ಮೆಲ್ಲಗೆ ಹೋದ್ರೆ ಒಳ್ಳೆಯದೇ. ಅವನ ಕಣ್ಣೆದುರು ಹೆಚ್ಚು ಹೊತ್ತು ಇರ್ತೇವೆ" ಎಂದರು ಬಾಪ.

ಚುಕ್ಕಾಣಿ ಅವರ ಕೈಯಲ್ಲಿ, ಕಣ್ಣು ನನ್ನದು. ಗೋದಾಮಿನ ಎದುರು ಬಂದೆವು. ಸಾಹುಕಾರ ಜಗಲಿಯಲ್ಲಿದ್ದ.

"ನೋಡ್ತಾ ಇದ್ದಾನಾ?"

"ಇಲ್ಲ. ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತಿದ್ದಾನೆ."

ಬಾಪ ಎದೆ ತುಂಬ ಉಸಿರು ತೆಗೆದುಕೊಂಡು, ಸರಕು ತುಂಬಿದ ಹಡಗು ದಡಕ್ಕೆ ಬಂದಾಗ ತಂಡೇಲ ಕೂಗುವ ಹಾಗೆ ಕೂಗಿದರು: "ಹಗ್ಗ ಹಿಡೀರೋ!" ಎಷ್ಟೋ ವರ್ಷ ಆ ಒಂದು ಕೂಗಿಗೆ ಸಾಹುಕಾರ ಊಟದ ಎಲೆ ಬಿಟ್ಟು ಓಡಿ ಬರುತ್ತಿದ್ದ. ಈಗಲೂ ಧಡಕ್ಕನೆ ಎದ್ದ. ಜಗಲಿಯ ಮೆಟ್ಟಿಲವರೆಗೆ ಓಡಿ ಬಂದು, ನಮ್ಮನ್ನು ಕಂಡು, ಅಲ್ಲೇ ನಿಂತ.

"ಎದ್ದನಾ?"

"ಎದ್ದ ಬಾಪ. ಮೆಟ್ಟಿಲಲ್ಲಿ ನಿಂತಿದ್ದಾನೆ. ನಮ್ಮನ್ನೇ ನೋಡ್ತಿದ್ದಾನೆ."

"ಹಾಗಾದ್ರೆ ಹಾಯಿ ಸ್ವಲ್ಪ ಸಡಿಲ ಬಿಡು" ಎಂದರು ಬಾಪ. "ಇನ್ನೂ ಮೆಲ್ಲಗೆ ಹೋಗುವ."