ಪುಸ್ತಕದ ಹೇನು, ತೊಗಟೆಯ ಹೇನು

ಹಳೆಯ ಪುಸ್ತಕ ತೆರೆದಾಗ ಬರುವ ತೇವದ ಕಾಗದದ ವಾಸನೆ ನಿಮಗೂ ಗೊತ್ತಿರಬೇಕು. ನನಗೆ ಅದು ಬ್ಯಾಡಗಿಯ ನಮ್ಮ ಮನೆಯ ಮೇಲಿನ ಕೋಣೆ. ಕೆಳಗೆಲ್ಲ ದೊಡ್ಡಪ್ಪನ ಒಣಮೆಣಸಿನಕಾಯಿ ವ್ಯಾಪಾರದ ಘಾಟು. ಮೇಲೆ ಮಾತ್ರ ಕಾಕಾನ ಪುಸ್ತಕಗಳು. ಕಾಕಾ, ಅಂದರೆ ನನ್ನ ಚಿಕ್ಕಪ್ಪ, ರಾಣೆಬೆನ್ನೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ. ಒಂದು ಮಳೆಗಾಲ, ಹಾಳೆಯ ಮೇಲೆ ಸರಸರ ಓಡುತ್ತಿದ್ದ ಬಿಳಿಚಿದ ಹುಳವೊಂದನ್ನು ಭೂತಗನ್ನಡಿಯಲ್ಲಿ ನನಗೆ ತೋರಿಸಿ, "ಪುಸ್ತಕದ ಹೇನಂತಾರ ಇದಕ್ಕ. ರಕ್ತಾ ಕುಡಿಯೋ ಹೇನಲ್ಲವ್ವಾ, ಹಾಳಿ ಮ್ಯಾಲಿನ ಬೂಷ್ಟು ತಿಂದು ಬದುಕತೈತಿ" ಎಂದ. ಆಮೇಲೆ ಹಿತ್ತಲಿನ ಬೇವಿನ ಮರದ ಹತ್ತಿರ ಕರೆದೊಯ್ದ. ತೊಗಟೆಯ ಮೇಲೆ ಅದರ ಬಳಗ, ರೆಕ್ಕೆಗಳನ್ನು ಮನೆಯ ಮಾಡಿನಂತೆ ಇಳಿಬಿಟ್ಟುಕೊಂಡು, ಕುರಿಮಂದೆಯಂತೆ ಒತ್ತೊತ್ತಾಗಿ ಪಾಚಿ ಮೇಯುತ್ತಿತ್ತು. "ಪುಸ್ತಕದಾಗಿನವಕ್ಕ ರೆಕ್ಕಿ ಇಲ್ಲ, ಇವಕ್ಕ ಅದಾವ. ಆದ್ರ ಕುಲಾ ಒಂದ" ಎಂದು ನಕ್ಕಿದ್ದ.

ಅಂದು ಊಟಕ್ಕೆ ಕುಳಿತಾಗ ದೊಡ್ಡಪ್ಪನಿಗೂ ಹೇಳಿದ: "ಪುಸ್ತಕಕ್ಕ ಸಣ್ಣ ಹುಳ ಆಗ್ಯಾವ. ಬಿಸಲಿಗೆ ಇಟ್ರ ಹೋಗ್ತಾವ. ಒಣಗಿದ ಮೆಣಸಿನಕಾಯಿಗೇನೂ ಆಗಂಗಿಲ್ಲ." ಹೆರಿಗೆಗೆಂದು ತವರಿಗೆ ಹೋಗಿದ್ದ ತನ್ನ ಹೆಂಡತಿ, ನಮ್ಮ ಕಾಕುವನ್ನು ನೋಡಲು ಕಾಕಾ ಹಾವೇರಿಗೆ ಹೊರಟಿದ್ದ. "ಬಿಸಲು ಬಿದ್ದ ಕೂಡ್ಲೆ ನಾನ ಹಾಕಸ್ತೇನಿ, ನೀ ಚಿಂತಿ ಬಿಡು" ಎಂದ ದೊಡ್ಡಪ್ಪ. ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಪೇಟೆ ತೋರಿಸುತ್ತಿದ್ದ ಮನುಷ್ಯ ಅವನು. ಅವನ ಮಾತನ್ನು ನಾವ್ಯಾರೂ ಅನುಮಾನಿಸಿದವರಲ್ಲ.

ಬಿಸಿಲು ಬಿತ್ತು. ನಾನು ಶಾಲೆಯಿಂದ ಬಂದಾಗ ಬಚ್ಚಲಮನೆಯ ಹಂಡೆ ಒಲೆಯಲ್ಲಿ ಕಾಕಾನ ಪುಸ್ತಕಗಳ ರಟ್ಟುಗಳು ಸುರುಟಿಕೊಂಡು ಉರಿಯುತ್ತಿದ್ದವು. ಮೇಲಿನ ಕೋಣೆಯಲ್ಲಿ ಆಗಲೇ ಮೆಣಸಿನಕಾಯಿ ಚೀಲಗಳು. ನಾನು ಅತ್ತುಬಿಟ್ಟೆ. ದೊಡ್ಡಪ್ಪ ನನ್ನತ್ತ ನೋಡಲಿಲ್ಲ.

ಮಗಳು ಹುಟ್ಟಿದ ಖುಷಿಯಲ್ಲಿ ಪೇಢೆ ಹಿಡಿದು ಬಂದ ಕಾಕಾ, ಕೋಣೆಯ ಬಾಗಿಲಲ್ಲೇ ನಿಂತುಬಿಟ್ಟ.

"ನೀನ ಹೇಳಿದ್ಯಲ್ಲೋ ಹುಳ ಆಗ್ಯಾವಂತ. ಮಾಲಿಗೆ ಹತ್ತಿದ್ರ ಯಾರು ತಗೋತಾರ?" ಎಂದ ದೊಡ್ಡಪ್ಪ.

"ಹತ್ತಂಗಿಲ್ಲಂತನೂ ನಾನ ಹೇಳಿದ್ದೆ, ಅಣ್ಣಾ."

ಅಷ್ಟೇ. ಪೇಢೆಯನ್ನು ದೇವರ ಮುಂದಿಟ್ಟು ಹೊರಟುಹೋದ. ರಾಣೆಬೆನ್ನೂರಿನಲ್ಲೇ ಮನೆ ಮಾಡಿದ. ಆ ಕೂಸನ್ನು ನಮ್ಮ ಮನೆಯ ತೊಟ್ಟಿಲಿಗೆ ಹಾಕಲೇ ಇಲ್ಲ.

ವರ್ಷಗಳ ನಂತರ ದೊಡ್ಡಪ್ಪ ಹಾಸಿಗೆ ಹಿಡಿದಾಗ ಕಾಕಾ ಬಂದ. ಪಕ್ಕದಲ್ಲಿ ಕುಳಿತು, ತಲೆಯನ್ನು ತೋಳಿನಲ್ಲಿ ಎತ್ತಿ ಹಿಡಿದ. "ಸಿಟ್ಟು ಹೋತೇನೋ?" ಎಂದು ದೊಡ್ಡಪ್ಪ ಕ್ಷೀಣವಾಗಿ ಕೇಳಿದ.

"ನೀರು ಕುಡಿ, ಅಣ್ಣಾ" ಎಂದ ಕಾಕಾ, ಲೋಟವನ್ನು ಅವನ ತುಟಿಗೆ ಹಿಡಿದು. ಈಗ ಇಬ್ಬರೂ ಇಲ್ಲ.